ಅಣ್ಣನ ಬಿಳಿ ವಲ್ಲಿ

ನಮ್ಮಣ್ಣ ಬೈದು ಬೈದೇ ಕೆಲಸ ಕಲಿಸುವವನು. ರಾಯಚೂರಿನ ಕಾರ್ಖಾನೆಯೊಂದರಲ್ಲಿ ಚಿಮಣಿಯ ಹೊಗೆ ಪರೀಕ್ಷಿಸುವ ಅನಲೈಜರ್ ಯಂತ್ರಗಳಿಗೆ ಗಾಳಿ, ಗ್ಯಾಸು, ಕರೆಂಟಿನ ಲೈನು ಜೋಡಿಸುತ್ತಿದ್ದ. ನಾನು ಅವನ ಕೈಕೆಳಗಿದ್ದೆ. ಗಾಳಿಯ ಪೈಪನ್ನು ಯಂತ್ರಕ್ಕೆ ಸೇರಿಸುವ ಮೊದಲು ಹೆಗಲ ಮೇಲಿನ ಬಿಳಿ ವಲ್ಲಿಯನ್ನು ಅದರ ಬಾಯಿಗೆ ಹಿಡಿದು ಗಾಳಿ ಬಿಡಿಸುತ್ತಿದ್ದ. ಬಟ್ಟೆಗೆ ಎಣ್ಣೆಯ ಕಲೆ ಬಿದ್ದರೆ ಮತ್ತೆ ಬಿಡಿಸುತ್ತಿದ್ದ. "ವಲ್ಲಿ ನೋಡಲೇ, ನನ್ನ ಮಾರಿ ಏನ್ ನೋಡ್ತಿ?" ಎಂಬುದು ದಿನದ ಬೈಗುಳ.

ಒಂದು ದಿನ ಅವನು ವಲ್ಲಿಯನ್ನು ನನ್ನ ಕೈಗೆ ಕೊಟ್ಟು ಕೇಬಲ್ ಎಳೆಯಲು ಹೋಗಿದ್ದ. ನನಗೆ ಗೆಳೆಯನ ಮದುವೆಗೆಂದು ಮಾನ್ವಿ ಬಸ್ ಹಿಡಿಯುವ ಅವಸರ. ವಲ್ಲಿ ಹಿಡಿಯದೆಯೇ ಪೈಪು ಬಿಗಿದು, ಅವನು ಬಂದು ಕೇಳಿದಾಗ "ನೋಡೀನಿ ಯಣ್ಣಾ, ಸ್ವಚ್ಛ ಅದ" ಎಂದು ಹೊರಟೆ. ಮರುದಿನ ಯಂತ್ರ ಚಾಲೂ ಮಾಡಿದಾಗ ಪೈಪಿನಲ್ಲಿದ್ದ ಎಣ್ಣೆ ಒಳಗೆ ನುಗ್ಗಿ ಅದು ಕೆಟ್ಟುಹೋಯಿತು.

"ಯಾವನಲೇ ಇದನ್ನ ಜೋಡಿಸಿದವ?" ಎಂದು ಸೂಪರ್‌ವೈಸರ್ ಎಲ್ಲರೆದುರು ಚೀರಿದ. ಅಣ್ಣ ನನ್ನನ್ನು ನೋಡಿದ. ನಾನು ನೆಲ ನೋಡಿದೆ.

"ನಾನೇ ಜೋಡಿಸೀನ್ರಿ" ಎಂದ.

ಗೇಟ್ ಪಾಸ್ ಕಸಿದುಕೊಂಡು ಅವನನ್ನು ಹೊರಗೆ ಹಾಕಿದರು. ಆ ಸೂಪರ್‌ವೈಸರನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅಣ್ಣನ ಮೇಲೂ ಇದೆ. ನನ್ನ ಹೆಸರು ಹೇಳಲು ಅವನಿಗೇನಾಗಿತ್ತು? ನನ್ನ ಬಾಯಿಗೇನಾಗಿತ್ತು ಎಂದು ಕೇಳಿಕೊಂಡಾಗಲಂತೂ ಮೈಯೆಲ್ಲ ಉರಿಯುತ್ತದೆ.

ಈಗ ಅವನು ದೇವದುರ್ಗದಲ್ಲಿ ಬೋರ್‌ವೆಲ್‌ಗಳಿಗೆ ಮೋಟಾರು ಇಳಿಸುತ್ತಾನೆ. ಮೊನ್ನೆ ಅಲ್ಲಿಗೆ ಹೋಗಿ, "ಯಣ್ಣಾ, ಅವತ್ತು ನಾನು ಸುಳ್ಳು ಹೇಳಿದ್ದೆ" ಎಂದೆ.

"ಗೊತ್ತದ. ಆ ಪೈಪ್ ಬಿಗಿ" ಎಂದ.

ಬಿಗಿದೆ. ಅಣ್ಣ ಬಂದು ನಾನು ಬಿಗಿದದ್ದನ್ನು ಬಿಚ್ಚಿ, ತಾನೇ ಮತ್ತೆ ಬಿಗಿದ. ಬೈಯಲಿಲ್ಲ.