ಹನ್ನೆರಡು ಸೆಕೆಂಡಿನ ಅಂಗಡಿ

ಟಿವಿಯಲ್ಲಿ ಯುದ್ಧದ ಸಾಕ್ಷ್ಯಚಿತ್ರ ಶುರುವಾಯಿತೆಂದರೆ ಡಬ್ಬಿ ಸಾರ್ ಮನೆಯಲ್ಲಿ ಇನ್ನೊಂದು ಯುದ್ಧ ಶುರುವಾಗುತ್ತಿತ್ತು. "ಆ ಟ್ಯಾಂಕು ಆಗಿನ್ನೂ ಹುಟ್ಟೇ ಇರಲಿಲ್ಲ" ಎಂದು ಸೋಫಾದಿಂದ ಅರ್ಧ ಏಳುವರು. "ಕೊರೆಯೋ ಚಳಿಗಾಲ ಅಂತಾನೆ, ಮರದ ತುಂಬ ಎಲೆ ನೋಡು." ಪ್ರಾಚೀನ ಇತಿಹಾಸದ ಸರದಿ ಬಂದರಂತೂ ಮುಗಿದೇಹೋಯಿತು. ಕಾಲು ಗಂಟೆಯಲ್ಲಿ ಎರಡು ಸಾಮ್ರಾಜ್ಯಗಳು ಬಿದ್ದುಹೋಗುವವು. ಎರಡಕ್ಕೂ ಅದೇ ಬೆಂಕಿ, ಅದೇ ಹೊಗೆ, ಅದೇ ಕುಂಟು ಕುದುರೆ. ಹೋದ ವಾರ ಸತ್ತ ಸೇನಾಪತಿ ಈ ವಾರ ಗಡ್ಡ ಅಂಟಿಸಿಕೊಂಡು ರಾಜನಾಗಿ ಬರುವನು.

"ಅವರೇನಾದ್ರೂ ತೋರಿಸ್ಕೊಳ್ಳಲಿ, ನಿಮಗ್ಯಾಕ್ರೀ ತಲೆನೋವು?" ಎಂದು ಹೆಂಡತಿ ಬಟ್ಟೆ ಮಡಚುತ್ತಲೇ ಕೇಳುವರು.

"ನನಗಲ್ಲದೆ ಇನ್ಯಾರಿಗೆ? ಡಬ್ಬಿ ಕೊಟ್ಟೋನು ನಾನು."

ಆ ಮಾತು ನಿಜ. ಚಾನೆಲ್ಲಿನ ಕಟ್ಟಡದ ನೆಲಮಾಳಿಗೆಯಲ್ಲಿ, ಹೊರಗೆ ಎಷ್ಟೇ ಬಿಸಿಲಿದ್ದರೂ ಸ್ವೆಟರ್ ಹಾಕಿಕೊಂಡೇ ಕೂರಬೇಕಾದ ತಣ್ಣನೆಯ ಕೋಣೆಯಲ್ಲಿ, ಹಳೆಯ ಫಿಲ್ಮ್ ಡಬ್ಬಿಗಳನ್ನು ನೋಡಿಕೊಳ್ಳುವುದು ಅವರ ಉದ್ಯೋಗ. ಆರು ತಿಂಗಳ ಮಟ್ಟಿಗೆಂದು ಸೇರಿದವರು ಮೂವತ್ನಾಲ್ಕು ವರ್ಷ ಅಲ್ಲೇ ಬೇರುಬಿಟ್ಟಿದ್ದರು. ಎಷ್ಟು ಒಗೆದರೂ ಶರ್ಟಿನಿಂದ ಹಳೇ ಫಿಲ್ಮಿನ ಹುಳಿ ವಾಸನೆ ಹೋಗುತ್ತಿರಲಿಲ್ಲ. ಪ್ರತಿ ಡಬ್ಬಿಗೂ ಅವರು ಬರೆದ ಒಂದು ಕಾರ್ಡು: ಯಾವ ಊರು, ಯಾವ ವರ್ಷ, ಏನು ಕಾಣಿಸುತ್ತದೆ, ಎಷ್ಟು ಸೆಕೆಂಡು. ಮೇಲಿನ ಮಹಡಿಯ ನಿರ್ದೇಶಕರು ಮೊದಲು ಕಾರ್ಡು ಓದಿ ನಿರೂಪಣೆಯ ಮಾತು ಬರೆದುಕೊಳ್ಳುವರು. ಚಿತ್ರ ನೋಡುವುದು ಆಮೇಲೆ, ಅದೂ ಪುರುಸೊತ್ತಿದ್ದರೆ. ಯಾರ ಮಾತು ಸುಳ್ಳಾದರೂ ಡಬ್ಬಿ ಸಾರ್ ಕಾರ್ಡು ಸುಳ್ಳಾಗುವುದಿಲ್ಲ ಎಂಬ ಮಾತು ಕಟ್ಟಡದಲ್ಲಿ ಚಾಲ್ತಿಯಲ್ಲಿತ್ತು. ಅದನ್ನು ಚಾಲ್ತಿಗೆ ತಂದವರು ಅವರೇ ಎಂಬ ಗುಮಾನಿಯೂ ಇತ್ತು.

ಒಂದು ಬುಧವಾರ ವಯಸ್ಸಾದ ಹೆಂಗಸೊಬ್ಬರು ಕಂಬಿ ಹಿಡಿದುಕೊಂಡು ನೆಲಮಾಳಿಗೆಯ ಮೆಟ್ಟಿಲಿಳಿದು ಬಂದರು. ಗೇಟಿನವರು ಮೊದಲ ಮಹಡಿಗೆ, ಮೊದಲ ಮಹಡಿಯವರು ನಾಲ್ಕನೆಯದಕ್ಕೆ, ಅಲ್ಲಿಂದ ಇಲ್ಲಿಗೆ ಎಂದು ಎರಡು ಗಂಟೆ ಅಲೆಸಿದ್ದರು. ಕುರ್ಚಿ ಸಿಕ್ಕಿದ ಮೇಲೆ ಐದು ನಿಮಿಷ ಸುಧಾರಿಸಿಕೊಂಡರು.

"ನಿಮ್ಮ ಯುದ್ಧದ ಸರಣೀಲಿ, ಮೂರನೇ ಕಂತಲ್ಲಿ, ಗೋಣಿಚೀಲ ಹೊತ್ಕೊಂಡು ಒಂದು ಹುಡುಗಿ ಅಂಗಡಿಯಿಂದ ಓಡಿಬರ್ತಾಳಲ್ಲ, ಅವಳು ನಮ್ಮಕ್ಕ" ಎಂದರು. "ನಗರ ಬಿದ್ದ ದಿನ ಜನರೇ ಲೂಟಿಗಿಳಿದ್ರು ಅಂತ ಹೇಳ್ತೀರಿ. ಅದು ನಮ್ಮಪ್ಪನ ಹಿಟ್ಟಿನ ಅಂಗಡಿ ಕಣಪ್ಪ. ಮೇಲೆ ಬೋರ್ಡಲ್ಲಿ ಅಪ್ಪನ ಹೆಸರೇ ಇದೆ. ಶೆಲ್ಲು ಬಿದ್ದು ಛಾವಣಿ ಕುಸೀತಿತ್ತು. ಮನೇಲಿ ಏಳು ಜನ ಇದ್ವಿ, ತಿನ್ನೋಕೆ ಬೇಕಲ್ಲ ಅಂತ ಒಳಗೆ ನುಗ್ಗಿ ಒಂದು ಮೂಟೆ ತಂದ್ಲು."

"ನಿಮ್ಮಕ್ಕ ಈಗ..."

"ಇದಾಳೆ. ಎಂಬತ್ತೇಳು. ಮೊಮ್ಮಗಳು ಎಲ್ಲರ ಮುಂದೆ ಕೇಳಿದ್ಲು, ಅಜ್ಜಿ ನೀನು ಕದ್ದಿದ್ಯಾ ಅಂತ. ಅವತ್ತಿಂದ ಟಿವಿ ಇರೋ ಕೋಣೆಗೇ ಕಾಲಿಟ್ಟಿಲ್ಲ. ಭಾನುವಾರ ಮತ್ತೆ ಹಾಕ್ತೀರಂತೆ. ಅಷ್ಟರೊಳಗೆ ಸರಿ ಮಾಡ್ಸಪ್ಪ."

ಡಬ್ಬಿ ಸಾರ್ ಪಿತ್ತ ನೆತ್ತಿಗೇರಿತು. ಇಷ್ಟು ವರ್ಷ ಟ್ಯಾಂಕು, ಹಡಗು, ಮರದ ಎಲೆ ಎಂದು ಕೂಗಾಡಿದ್ದು ಬರೀ ಗಂಟಲಿಗೆ ಕೆಲಸವಾಗಿತ್ತು. ಈಗ ಜೀವಂತ ಮನುಷ್ಯರಿಗೇ ಕಳ್ಳಿ ಪಟ್ಟ ಕಟ್ಟಿದ್ದಾರೆ. "ನೀವು ನೆಮ್ಮದಿಯಾಗಿ ಹೋಗಿ ಅಮ್ಮಾ. ಇವತ್ತು ಅವರ ಗ್ರಹಚಾರ ಬಿಡಿಸ್ತೀನಿ" ಎಂದು ಫೋನ್ ನಂಬರ್ ಬರೆದುಕೊಂಡು, ಲಿಫ್ಟಿಗೂ ಕಾಯದೆ ಮೂರನೇ ಮಹಡಿ ಹತ್ತಿದರು.

ನಿರ್ದೇಶಕಿ ಒಳ್ಳೆಯ ಹುಡುಗಿ. ಅವರ ಕೂಗಾಟ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಫೈಲಿನಿಂದ ಒಂದು ಜೆರಾಕ್ಸ್ ತೆಗೆದು ಮೇಜಿನ ಮೇಲಿಟ್ಟಳು. "ಕಾರ್ಡಲ್ಲಿ ಇದ್ದಿದ್ದನ್ನೇ ಹೇಳ್ಸಿದೀನಿ ಸರ್. ಒಂದಕ್ಷರ ನಂದಲ್ಲ."

ಅಂಗಡಿ ಲೂಟಿ. ಚೀಲ ಹೊತ್ತ ಯುವತಿ. ಹನ್ನೆರಡು ಸೆಕೆಂಡು. ಬರವಣಿಗೆ ಅವರದೇ.

ಕೆಳಗೆ ಬಂದು ಮೂಲ ಕಾರ್ಡನ್ನೇ ತೆಗೆದು ನೋಡಿದರು. ಕೆಲಸಕ್ಕೆ ಸೇರಿದ ಮೊದಲ ವರ್ಷದ್ದು. ಆಗ ಒಂದು ಗೋದಾಮಿನಿಂದ ಹೆಸರಿಲ್ಲದ ಡಬ್ಬಿಗಳು ಲಾರಿಗಟ್ಟಲೆ ಬಂದಿದ್ದವು. ದಿನಕ್ಕೆ ಅರವತ್ತು ಕಾರ್ಡು ಮುಗಿಸಬೇಕು ಎಂದು ಮೇಲಿನವರ ಅಪ್ಪಣೆ. ಯಂತ್ರಕ್ಕೆ ಹಾಕಿ ಓಡಿಸಿ ನೋಡುತ್ತ ಕೂತರೆ ಅರವತ್ತೆಲ್ಲಿಯದು, ಆರೂ ಆಗುತ್ತಿರಲಿಲ್ಲ. ಫಿಲ್ಮಿನ ತುದಿಯನ್ನು ಎರಡು ಗೇಣು ಎಳೆದು, ಟ್ಯೂಬ್‌ಲೈಟಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿ, ಸುರುಳಿಯ ಉದ್ದದಿಂದ ಸೆಕೆಂಡು ಲೆಕ್ಕ ಹಾಕಿ ಬರೆದುಬಿಡುವುದೇ ಎಲ್ಲರ ಪದ್ಧತಿಯಾಗಿತ್ತು. ಉಗುರಿನಷ್ಟು ಚಿತ್ರದಲ್ಲಿ ಮುರಿದ ಬಾಗಿಲು, ಓಡುವ ಹುಡುಗಿ, ಚೀಲ. ಇನ್ನೇನಿರುತ್ತದೆ, ಲೂಟಿ.

ಈಗ ಯಂತ್ರಕ್ಕೆ ಹಾಕಿದರು. ಅಂಗಡಿಯ ಮೇಲೆ ಮಂಚದಗಲದ ಬೋರ್ಡು, ಅದರಲ್ಲಿ ಓದಲು ಬರುವಂಥ ದಪ್ಪ ಅಕ್ಷರದ ಹೆಸರು. ಹುಡುಗಿಯ ತಲೆತುಂಬ ಹಿಟ್ಟು. ಬಾಗಿಲಾಚೆ ಬಂದವಳು ಓಡುವ ಮುಂಚೆ ಒಂದು ಕ್ಷಣ ತಿರುಗಿ ಅಂಗಡಿಯನ್ನು ನೋಡುತ್ತಾಳೆ. ಕಳ್ಳರು ಹಾಗೆ ನೋಡುವುದಿಲ್ಲ. ಊರಿನ ಮರಗಳ ಎಲೆ ಎಣಿಸಿದ ಮಹಾಶಯರು ಮೂವತ್ನಾಲ್ಕು ವರ್ಷ ಆ ಬೋರ್ಡು ಓದಿರಲಿಲ್ಲ. ಕಾರ್ಡಿನ ಹಿಂದೆ, ಆ ಹನ್ನೆರಡು ಸೆಕೆಂಡು ಎಲ್ಲೆಲ್ಲಿಗೆ ಹೋಗಿದೆ ಎಂಬ ಪಟ್ಟಿ ಇತ್ತು: ಹನ್ನೊಂದು ಕಾರ್ಯಕ್ರಮಗಳು. ಡಬ್ಬಿ ಸಾರ್‌ಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಬೈಯಲು ಈ ಸಲ ಬೇರೆ ಯಾರೂ ಇರಲಿಲ್ಲ.

ಮತ್ತೆ ಮೂರನೇ ಮಹಡಿಗೆ ಹೋದರು, ಈ ಬಾರಿ ಲಿಫ್ಟಿನಲ್ಲಿ.

"ಶುಕ್ರವಾರದವರೆಗೆ ಟೈಮಿದೆ ಸರ್, ಸರಿ ಮಾಡ್ಬಹುದು" ಎಂದಳು ನಿರ್ದೇಶಕಿ. "ಆದ್ರೆ ಕಾರ್ಡು ತಪ್ಪು ಅಂತ ನೀವು ಬರೆದು ಸಹಿ ಹಾಕಿಕೊಡ್ಬೇಕು. ಯೋಚ್ನೆ ಮಾಡಿ. ಕಾರ್ಡಿನ ಕೋಣೆ ಮುಚ್ಚಿ ಎಲ್ಲ ಕಂಪ್ಯೂಟರಿಗೆ ಹಾಕೋಣ ಅಂತ ಮೇಲಿನವರು ನೆಪ ಹುಡುಕ್ತಾ ಇದಾರೆ. ಒಂದು ತಪ್ಪು ಅಂತ ನೀವೇ ಒಪ್ಕೊಂಡ್ರೆ ಉಳಿದ ನಲವತ್ತು ಸಾವಿರ ಕಾರ್ಡನ್ನ ಯಾರು ನಂಬ್ತಾರೆ?"

ಯೋಚಿಸಿದರು. ನಿವೃತ್ತಿಗೆ ಎರಡು ತಿಂಗಳಿತ್ತು. ಸುಮ್ಮನಿದ್ದರೆ ಹೆಸರು ಹೆಸರಾಗಿಯೇ ಉಳಿಯುತ್ತದೆ, ಮುದುಕಿಯರಿಬ್ಬರ ಮಾತು ಯಾರು ಕೇಳಬೇಕು? ಈ ಯೋಚನೆ ಬಂದದ್ದಕ್ಕೇ ತಮ್ಮ ಮೇಲೆ ಅಸಹ್ಯವಾಯಿತು. ಅಲ್ಲೇ ಪೆನ್ನು ಇಸಿದುಕೊಂಡು ಬರೆದರು: ಇದು ಲೂಟಿಯಲ್ಲ, ಹುಡುಗಿ ಅಂಗಡಿಯವರ ಮಗಳು, ತಪ್ಪು ನನ್ನದು. ಸಹಿ ಹಾಕಿ ಅವಳ ಕೈಗೇ ಕೊಟ್ಟರು. ಕೆಳಗೆ ಬಂದು ಆ ಹೆಂಗಸಿಗೆ ಫೋನ್ ಮಾಡಿ, ಬರೆದವನು ನಾನೇ ಎಂದು ಹೇಳಿದರು. "ಹೋಗಲಿ ಬಿಡಪ್ಪ. ಭಾನುವಾರ ಸರಿಯಾಗಿ ಬರುತ್ತಲ್ಲ, ಅಕ್ಕನ್ನ ಕೂರಿಸ್ತೀನಿ" ಎಂದರು ಆಕೆ.

ಶನಿವಾರವೇ ಕಾರ್ಡಿನ ಕಪಾಟುಗಳಿಗೆ ಮೇಲಿನವರ ಸೀಲು ಬಿತ್ತು.

ಭಾನುವಾರ ಸಂಜೆ ಅವರು ಟಿವಿಯ ಮುಂದೆ ಕೂತರು. ಚಳಿಗಾಲದ ಮರಗಳಲ್ಲಿ ಎಲೆ ತುಂಬಿತ್ತು, ಏನೂ ಅನ್ನಲಿಲ್ಲ. ಹೆಂಡತಿ ಎರಡು ಸಲ ತಿರುಗಿ ನೋಡಿದರು. ನಗರ ಬಿತ್ತು. "ಜನರೇ ಲೂಟಿಗಿಳಿದರು" ಎಂದಿತು ನಿರೂಪಕನ ಅದೇ ಗಡಸು ದನಿ. ಅಂಗಡಿ ಇರಲಿಲ್ಲ, ಹುಡುಗಿಯೂ ಇರಲಿಲ್ಲ. ಆ ಜಾಗದಲ್ಲಿ ಇನ್ಯಾವುದೋ ಊರಿನ ಇನ್ಯಾವಳೋ ಹೆಂಗಸು ಗಂಟು ಹೊತ್ತು ಓಡುತ್ತಿದ್ದಳು. ಮಾತು ಬದಲಿಸಬೇಕೆಂದರೆ ನಿರೂಪಕನನ್ನು ಕರೆಸಬೇಕು. ಚಿತ್ರ ಬದಲಿಸುವುದು ಸುಲಭ, ಅದಕ್ಕೆ ಕತ್ತರಿಸಿ ಕೈತೊಳೆದುಕೊಂಡಿದ್ದರು.

ಫೋನ್ ಬಂತು.

"ತೆಗೆದೇಬಿಟ್ರಲ್ಲಪ್ಪ" ಎಂದರು ಆ ಹೆಂಗಸು. "ಸರಿ ಮಾಡಿ ಅಂದೆ, ತೆಗೀರಿ ಅನ್ನಲಿಲ್ಲ."

"ನಾಳೆ ಹೋಗಿ ಕೇಳ್ತೀನಮ್ಮ. ಅವರು ಹೀಗೆ ಮಾಡ್ತಾರೆ ಅಂತ ನನಗೆ..."

"ಅಪ್ಪನ ಅಂಗಡೀದು ನಮ್ಮ ಹತ್ರ ಒಂದು ಫೋಟೋನೂ ಇಲ್ಲ. ಎಲ್ಲ ಸುಟ್ಟುಹೋಯ್ತು. ಅಕ್ಕ ಹೊಸ ಸೀರೆ ಉಟ್ಕೊಂಡು ಬಂದು ಕೂತಿದ್ಲು." ಹಿಂದೆ ಯಾರೋ ಕ್ಷೀಣ ದನಿಯಲ್ಲಿ ಏನೋ ಹೇಳುತ್ತಿರುವುದು ಕೇಳಿಸಿತು. ಆಕೆ ಫೋನಿಗೆ ಕೈ ಅಡ್ಡ ಹಿಡಿದು ಕೇಳಿಸಿಕೊಂಡು ಮತ್ತೆ ಬಂದರು.

"ಕಳ್ಳಿ ಅಂತ ಬೇಕಾದ್ರೆ ಅಂದ್ಕೊಳ್ಳಲಿ, ಅದನ್ನೇ ಹಾಕೋಕೆ ಹೇಳು ಅಂತಿದಾಳೆ."