ಎರಡು ಮನೆಗಳ ಹೂದಾನಿ

ಹರಾಜಿನವರ ಪುಸ್ತಿಕೆಯಲ್ಲಿ ಆ ಹೂದಾನಿಯ ಚಿತ್ರದ ಕೆಳಗೆ, ಇದು ಒಂದೇ ಮನೆಯಲ್ಲಿದ್ದದ್ದು, ಗಾಜಿನ ಕಪಾಟಿನಿಂದ ಎಂದೂ ಹೊರಗೆ ಬಂದಿಲ್ಲ ಎಂದು ಅಚ್ಚು ಹಾಕಿಸಿದ್ದರು. ಓದಿ ನನಗೆ ಮೈಯೆಲ್ಲ ಉರಿಯಿತು. ಅಮೆರಿಕದ ಕ್ಯಾರಿ ಎಂಬ ಊರಿನ ನಮ್ಮ ಬೀದಿಯಲ್ಲಿ ಆ ಹೂದಾನಿ ಓಡಾಡಿದಷ್ಟು ನಾನೂ ಓಡಾಡಿರಲಿಲ್ಲ.

ನಾವು ಆ ಮನೆಗೆ ಬಂದ ಹೊಸತರಲ್ಲಿ ಪಕ್ಕದ ಮನೆಯ ಅಜ್ಜಿ, ಒಂಟಿಯಾಗಿದ್ದ ಅಮೆರಿಕನ್ ಹೆಂಗಸು, ತಮ್ಮ ಹಿತ್ತಲಿನ ಕ್ಯಾಮೀಲಿಯಾ ಹೂಗಳನ್ನು ಅದರಲ್ಲಿಟ್ಟು ತಂದುಕೊಟ್ಟಿದ್ದರು. ಬಿಳಿ ಪಿಂಗಾಣಿಯ ಮೇಲೆ ನೀಲಿ ಬಳ್ಳಿ, ಕೈ ತೂರುವಷ್ಟೇ ಅಗಲದ ಕೊರಳು. ಹೂ ಬಾಡಿದ ಮೇಲೆ ತೊಳೆದು ಕೊಟ್ಟರೆ ಸಾಕಿತ್ತು. ಆದರೆ ಮೈಸೂರಿನಲ್ಲಿ ಬೆಳೆದ ನನಗೆ ಇನ್ನೊಬ್ಬರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಿ ಗೊತ್ತಿಲ್ಲ. ಲೋಟವಾದರೂ ಒಂದು ಚಮಚ ಸಕ್ಕರೆ ಹಾಕಿಯೇ ಕಳಿಸುವುದು. ಹೂದಾನಿಯ ತುಂಬ ಕೋಡುಬಳೆ ಹಾಕಿ ಕೊಟ್ಟೆ. ಅಜ್ಜಿ ಬಿದ್ದು ಬಿದ್ದು ನಕ್ಕರು. ಮುಂದಿನ ವಾರ ಅದರ ತುಂಬ ಅಕ್ರೋಟಿನಂಥ ಪೀಕನ್ ಬೀಜ ಬಂತು.

ಹೀಗೆ ವರ್ಷಗಟ್ಟಲೆ ನಡೆಯಿತು. ಅದು ಬೆಲೆಬಾಳುವ ಹಳೆಯ ಚೀನಾ ಸಾಮಾನು ಎಂದು ಅಜ್ಜಿಯೇ ಒಮ್ಮೆ ಹೇಳಿದರು. ನಾನು ಹೆದರಿ, ಇನ್ನು ಬೇಡ ಎಂದೆ. ಇಷ್ಟು ಕಾಲ ಸುಮ್ಮನೆ ಕಪಾಟಿನಲ್ಲಿ ಕೂತಿತ್ತು, ಈಗ ಅದಕ್ಕೆ ಎರಡು ಮನೆ ಎಂದು ಹೇಳಿ ನನ್ನ ಬಾಯಿ ಮುಚ್ಚಿಸಿದರು.

ಅವರು ತೀರಿಕೊಂಡದ್ದು ಸಂಕ್ರಾಂತಿಯ ಹಿಂದಿನ ವಾರ. ಹೂದಾನಿ ನಮ್ಮ ಮನೆಯಲ್ಲಿತ್ತು, ತುಂಬುವ ಸರದಿ ನನ್ನದು. ಹಬ್ಬಕ್ಕೊಮ್ಮೆಯೂ ತಾಯಿಗೆ ಮುಖ ತೋರಿಸದ ಮಗ ಅಟ್ಲಾಂಟಾದಿಂದ ಬಂದು ನಮ್ಮ ಬಾಗಿಲು ತಟ್ಟಿದ. ಹೂದಾನಿ ಕಪಾಟಿನಲ್ಲಿಲ್ಲ, ಕೊನೆಕೊನೆಗೆ ಅಮ್ಮನಿಗೆ ಮರೆವು, ಯಾರ್ಯಾರೋ ಅದರ ಲಾಭ ಪಡೆದರು, ಪೊಲೀಸರಿಗೆ ಹೇಳುವ ಮೊದಲು ಕೇಳೋಣವೆಂದು ಬಂದೆ ಎಂದ. ಮರೆವಂತೆ! ನನ್ನ ಮಗಳ ಪರೀಕ್ಷೆಯ ದಿನ ನನಗಿಂತ ಚೆನ್ನಾಗಿ ನೆನಪಿಟ್ಟವರು ಆ ಅಜ್ಜಿ.

ಅವನನ್ನು ಹೊರಗೆ ನಿಲ್ಲಿಸಿ ಒಳಗೆ ಬಂದರೆ ನನ್ನ ಗಂಡನ ಮುಖ ಬಿಳಿಚಿಕೊಂಡಿತ್ತು.

"ಪ್ಲೀಸ್, ಆರ್ಗ್ಯೂ ಮಾಡ್ಬೇಡ. ಗ್ರೀನ್ ಕಾರ್ಡ್ ಇನ್ನೂ ಪೆಂಡಿಂಗ್ ಇದೆ. ಪೊಲೀಸ್ ಅಂತ ಬಂದ್ರೆ ಏನ್ ಗತಿ? ಕೊಟ್ ಕಳಿಸ್ಬಿಡು."

"ಕೊಟ್ರೆ ಕದ್ದಿದ್ದೆ ಅಂತ ಒಪ್ಕೊಂಡ ಹಾಗಲ್ವಾ?" ಎಂದೆ. ಅವರು ಹೂದಾನಿಯನ್ನು ತಂದು ನನ್ನ ಕೈಗಿಟ್ಟರು.

ಹಲ್ಲು ಕಚ್ಚಿಕೊಂಡು ಕೊಟ್ಟೆ. ಆದರೆ ಬರಿದಾಗಿ ಕೊಡಲಿಲ್ಲ. ಹಬ್ಬಕ್ಕೆಂದು ಬೆರೆಸಿಟ್ಟಿದ್ದ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಯನ್ನೆಲ್ಲ ಅದರೊಳಗೆ ಸುರಿದೆ. ಇದನ್ನು ತಿಂದು ಒಳ್ಳೆಯ ಮಾತಾಡುವುದು ನಮ್ಮಲ್ಲಿ ಪದ್ಧತಿ ಎಂದು ಇಂಗ್ಲಿಷಿನಲ್ಲಿ ಬಿಡಿಸಿಯೂ ಹೇಳಿದೆ. ಅವನು ಇಣುಕಿ ನೋಡಿ, ಒಂದು ಕಾಳನ್ನೂ ಬಾಯಿಗೆ ಹಾಕದೆ, ನನ್ನ ಕಣ್ಣೆದುರಿಗೇ ನಮ್ಮ ಕಸದ ಡಬ್ಬಿಯ ಮೇಲೆ ಬೋರಲು ಹಿಡಿದು ಕೊಡವಿದ. ಹಂಚಿ ತಿನ್ನುವುದನ್ನು ಕಸಕ್ಕೆ ಹಾಕುವವನು ನನ್ನನ್ನು ಕಳ್ಳಿ ಅನ್ನುತ್ತಾನೆ.

ಹರಾಜಿನ ಹಿಂದಿನ ದಿನ ಸಾಮಾನುಗಳನ್ನು ಯಾರು ಬೇಕಾದರೂ ಹೋಗಿ ನೋಡಬಹುದಿತ್ತು. ಗಂಡ ಬೇಡವೆಂದರೂ ಹೋದೆ. ಕೈಗವಸು ಹಾಕಿಕೊಂಡ ಹರಾಜಿನ ಹುಡುಗಿ ಕೊಳ್ಳಲು ಬಂದವರಿಗೆ ಆ ಕಪಾಟಿನ ಕಥೆ ಹೇಳುತ್ತಿದ್ದಳು. ಮಗ ಪಕ್ಕದಲ್ಲಿ ನಿಂತು ಹೌದು ಹೌದು ಎಂದು ತಲೆಯಾಡಿಸುತ್ತಿದ್ದ. ತಳದ ಮುದ್ರೆ ತೋರಿಸಲು ಅವಳು ಹೂದಾನಿಯನ್ನು ಮೆಲ್ಲಗೆ ತಲೆಕೆಳಗು ಮಾಡಿದಳು. ಕಪ್ಪು ಬಟ್ಟೆಯ ಮೇಲೆ ಒಂದು ಬಿಳಿ ಎಳ್ಳು ಬಿತ್ತು.

ಅವಳು ಧೂಳೆಂದು ಒರೆಸಲು ಹೋದಳು. ಅದು ಧೂಳಲ್ಲ, ನಮ್ಮ ಮನೆಯ ಎಳ್ಳು, ಇವನ ತಾಯಿಯ ಹೂದಾನಿಗೆ ನಾನೇ ತುಂಬಿದ್ದು ಎಂದು ಅಲ್ಲಿದ್ದವರಿಗೆಲ್ಲ ಕೇಳುವಂತೆ ಇಂಗ್ಲಿಷಿನಲ್ಲೇ ಹೇಳಿದೆ. ಮಗ ಕೆಂಪಾಗಿ ಫೋನು ನೋಡತೊಡಗಿದ. ನಾನು ಆ ಕಾಳನ್ನು ಬೆರಳ ತುದಿಗೆ ಅಂಟಿಸಿಕೊಂಡು, ಅವನನ್ನೇ ನೋಡುತ್ತ ಬಾಯಿಗೆ ಹಾಕಿಕೊಂಡೆ.

ಎಳ್ಳು ತಿಂದ ಮೇಲೆ ಒಳ್ಳೆಯ ಮಾತಾಡಬೇಕು. ಅವನಿಗೆ ಆಡಲು ನನ್ನ ಹತ್ತಿರ ಅಂಥದ್ದು ಒಂದೂ ಇರಲಿಲ್ಲ.