ಕುಂಕುಮ ಒರೆಸುವ ಡಾಕಪ್ಪ
ರಾಣೆಬೆನ್ನೂರಿನ ಕಾರ್ಖಾನೆಯೊಂದರಲ್ಲಿ ಕ್ರೇನಿನ ಹುಕ್ಕುಗಳ ನಾಡಿ ಹಿಡಿಯುವ ಧನ್ವಂತರಿ ನಮ್ಮ ಡಾಕಪ್ಪ. ನಾಮಕರಣಕ್ಕೆ ಹೋದರೂ ಕೂಸಿನ ಮುಖಕ್ಕಿಂತ ಮೊದಲು ತೊಟ್ಟಿಲಿನ ಕೊಂಡಿ ನೋಡುತ್ತಾನೆ. ಭಾರ ಎತ್ತಿ ಎತ್ತಿ ಸೋತ ಹುಕ್ಕಿನ ಬಾಯಿ ಅಳತೆಗಿಂತ ಕೂದಲೆಳೆಯಷ್ಟು ಅಗಲವಾಗಿದ್ದರೂ ಸಾಕು, “ಇದು ಆಕಳಿಸಾಕತ್ತೈತಿ, ಇಳಸ್ರಿ!” ಎಂದು ಗರ್ಜಿಸಿ, ಮ್ಯಾನೇಜರ್ ಎಷ್ಟು ಬೈದರೂ ಮತ್ತೆ ಯಾರೂ ಬಳಸದಂತೆ ಅದನ್ನು ಗ್ಯಾಸ್ ಕಟರಿನಿಂದ ಎರಡು ತುಂಡು ಮಾಡಿಸಿದ ಮೇಲೆಯೇ ಊಟಕ್ಕೆ ಕೂರುತ್ತಾನೆ. ಅವನ ಮಹಾಯುದ್ಧ ನಡೆಯುವುದು ಮಾತ್ರ ದಸರೆಯ ಖಂಡೇಪೂಜೆ ಮುಗಿದು ಕ್ರೇನು ಮತ್ತೆ ಓಡುವ ದಿನ. ಎಲ್ಲರೂ ಭಕ್ತಿಯಿಂದ ಹುಕ್ಕಿಗೆ ಬಳಿದ ಕುಂಕುಮವನ್ನು ಸೀಮೆಎಣ್ಣೆ ಹಾಕಿ ತಿಕ್ಕುತ್ತಾನೆ. “ದೇವ್ರಿಗರ ಅಂಜೋ ತಮ್ಮಾ!” ಎಂದು ಕಸ ಗುಡಿಸುವ ಜಯವ್ವ ಗದರಿದರೆ, “ದೇವ್ರು ಎಲ್ಲಿದ್ರೂ ಕಾಣ್ತಾನ ಯವ್ವಾ, ಕುಂಕುಮದ ಬುಡಕಿನ ಬಿರುಕು ಕಾಣಂಗಿಲ್ಲ” ಎನ್ನುತ್ತಾನೆ. ಒಂದು ವರ್ಷ ಹಿರಿಯರ ಮಾತಿಗೆ ಅಂಜಿ ಒರೆಸದೆ ಬಿಟ್ಟಿದ್ದ. ಬಿರುಕು ಬಿಟ್ಟಿದ್ದ ಹುಕ್ಕು ಅಂದೇ ಮುರಿದು, ಕೆಳಗೆ ನಿಂತಿದ್ದ ಗೆಳೆಯ ಮೈಲೇಶನ ಕಾಲು ಹೋಯಿತು. ಈಗ ಪ್ರತಿ ಪೂಜೆಗೂ ಹುಕ್ಕಿಗೆ ಮೊದಲ ಕುಂಕುಮ ಹಚ್ಚುವವನು ಮೈಲೇಶನೇ. ಕ್ರೇನು ಓಡುವ ದಿನ ಊರುಗೋಲು ಊರುತ್ತ ಬಂದು, ಸೀಮೆಎಣ್ಣೆಯ ಬಟ್ಟೆಯನ್ನು ಡಾಕಪ್ಪನ ಕೈಗಿಟ್ಟು, “ಛಲೋತಂಗ ತಿಕ್ಕಪಾ” ಎನ್ನುವವನೂ ಅವನೇ.